ಭಜನೆಯ ಹಾರ್ಮೋನಿಯಂ ಇಟ್ಟುಕೊಂಡು ಬ್ಲೂಸ್ ಸೋಲೋ ಕಲಿತ ನನ್ನ ಅನುಭವ

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಗಿಟಾರ್ ಸೋಲೋವನ್ನು (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ಗುರುವಿಲ್ಲದೆ, ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ಬರೆದದ್ದು) ನೋಡದೆ, ಹಾರ್ಮೋನಿಯಂ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಬಹುದು ಎಂದು ನಾನು ಹೇಳಿದಾಗ ಚಿಕ್ಕಮಗಳೂರಿನ ನಮ್ಮ ವಾದ್ಯಗಾರರ ಬಳಗದಲ್ಲಿ ಯಾರೂ ಒಪ್ಪಿರಲಿಲ್ಲ. ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸಿಯೇ ತಲೆ ನರೆತ ಹಿರಿಯರೊಬ್ಬರು, "ಐದು ಸ್ವರ ಇಟ್ಕೊಂಡು ಎಷ್ಟು ಹೊತ್ತು ಎಳೀತೀರಿ ಸಾರ್, ಜನ ಎದ್ದು ಹೋಗ್ತಾರೆ" ಎಂದಿದ್ದರು. ಬೆಂಗಳೂರಿನಲ್ಲಿ ಕಲಿತು ಬಂದ ಹುಡುಗನೊಬ್ಬ, ಮೋಡ್‌ಗಳು (ಪಾಶ್ಚಾತ್ಯ ಸಂಗೀತದ ಸ್ವರಶ್ರೇಣಿಗಳು) ಗೊತ್ತಿಲ್ಲದೆ ಸೋಲೋಗೆ ಕೈ ಹಾಕುವುದು ಕಾಲಹರಣ ಎಂದು ವಾದಿಸಿದ್ದ. ಈಗ ಅದೇ ಬಳಗದಲ್ಲಿ 12 ಬಾರ್ (ತಾಳದ ಆವರ್ತ) ಬ್ಲೂಸ್ ಶುರುವಾದರೆ ಸೋಲೋ ನನ್ನ ಪಾಲಿಗೆ ಬರುತ್ತದೆ. ಹೇಗೆ ಕಲಿತಿರಿ ಎಂದು ಕೇಳುವವರೂ ಹೆಚ್ಚಿದ್ದಾರೆ. ಮೈನರ್ ಪೆಂಟಾಟೋನಿಕ್ ಬಾಕ್ಸ್ (ಬ್ಲೂಸ್‌ನ ಐದು ಸ್ವರಗಳು ಒಂದೆಡೆ ಬೆರಳಿಗೆ ಸಿಗುವ ಜಾಗ) ಎಲ್ಲಿದೆ, ಬೆಂಡ್ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಹೇಗೆ, ಶಫಲ್ (ಉದ್ದ-ಗಿಡ್ಡ ಹೊಡೆತಗಳ ತೂಗಾಟದ ಲಯ) ಹೇಗೆ ನಡೆಯುತ್ತದೆ ಎಂಬುದೆಲ್ಲ ಓದುವವರಿಗೆ ಒಂದಿಷ್ಟು ತಿಳಿದಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಹಣ ಎಲ್ಲೆಲ್ಲಿ ಹೋಯಿತೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡಾದರೂ ಗಿಟಾರಿನ ಲೆಕ್ಕವನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಹಾಗಾಗಿ ಇವು ನೆನಪಿನ ಅಂಕಿಗಳು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರಿಗೆ ಏಳು ಸಾವಿರದ ಹತ್ತಿರ ಕೊಟ್ಟೆ. ಅದರ ಫ್ರೆಟ್‌ಗಳು (ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳು) ಸವೆದಿದ್ದರಿಂದ ಎತ್ತರದಲ್ಲಿ ಬೆಂಡ್ ಮಾಡಿದೊಡನೆ ಸ್ವರ ಸತ್ತುಹೋಗುತ್ತಿತ್ತು; ಬೆಂಗಳೂರಿಗೆ ಹೊತ್ತೊಯ್ದು ಫ್ರೆಟ್ ಉಜ್ಜಿಸಿ, ಸೆಟಪ್ ಮಾಡಿಸಿಕೊಂಡು ಬರುವಷ್ಟರಲ್ಲಿ ಬಸ್ ಚಾರ್ಜೂ ಸೇರಿ ಇನ್ನೊಂದು ನಾಲ್ಕು ಸಾವಿರ ಕೈಬಿಟ್ಟಿತು. ಸದ್ದು ಸರಿಯಿಲ್ಲದ್ದೇ ತೊಂದರೆ ಎಂದು ಗೆಳೆಯರು ಹೇಳಿದ್ದರಿಂದ ಗಿಟಾರಿನ ಸದ್ದನ್ನು ಬಗೆಬಗೆಯಾಗಿ ಬದಲಿಸುವ, ಹನ್ನೆರಡು ಸಾವಿರದ ಮಲ್ಟಿ ಎಫೆಕ್ಟ್ ಪೆಡಲ್ ತಂದೆ, ಒಂದು ವರ್ಷದೊಳಗೆ ಅದನ್ನು ಏಳಕ್ಕೆ ಮಾರಿದೆ. ಡಾಲರಿನಲ್ಲಿ ತಿಂಗಳ ಚಂದಾ ಕಟ್ಟುವ ಆನ್‌ಲೈನ್ ಪಾಠವೊಂದಕ್ಕೆ ಹೋದ ಹಣವನ್ನು ಕೂಡಿಸಿ ನೋಡುವ ಧೈರ್ಯ ನನಗಿಲ್ಲ. ಆ ಪಾಠದಲ್ಲಿ ನೂರಾರು ಲಿಕ್‌ಗಳಿದ್ದವು, ಅಂದರೆ ಸಿದ್ಧ ಸ್ವರದ ತುಣುಕುಗಳು. ಅವುಗಳಲ್ಲಿ ಮೂವತ್ತು ನಲವತ್ತನ್ನು ಬೆರಳಿಗೆ ಹತ್ತಿಸಿಕೊಂಡಿದ್ದೆ. ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ವಾದ್ಯಗಳ ಧ್ವನಿಮುದ್ರಣ) ಹಾಕಿ ನುಡಿಸಿದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಹಾಗೆ ಕೇಳುತ್ತಿತ್ತೇ ಹೊರತು ಎಲ್ಲಿಯೂ ಒಂದು ಮಾತು ಮುಗಿದು ಇನ್ನೊಂದು ಹುಟ್ಟಿದಂತೆ ಇರಲಿಲ್ಲ.

ತಂತಿಯ ಕಥೆ ಬೇರೆಯೇ ಇದೆ. ಅಮೆರಿಕದ ಬ್ಲೂಸ್ ಗಿಟಾರಿಗ ಸ್ಟೀವಿ ರೇ ವಾನ್ 13ರ (ಮೊದಲ ತಂತಿಯ ದಪ್ಪ ಇಂಚಿನ ಸಾವಿರದ ಹದಿಮೂರು ಪಾಲು) ದಪ್ಪ ತಂತಿ ಕಟ್ಟುತ್ತಿದ್ದರೆಂಬುದು ಗಿಟಾರಿನವರಿಗೆಲ್ಲ ಗೊತ್ತು, ಆದರೆ ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಿದ್ದರೆಂಬುದನ್ನು ಹೇಳುವವರು ಕಡಿಮೆ. 11ರ ಸೆಟ್ಟಿನಿಂದ ನನಗೆ ಸಿಕ್ಕಿದ್ದು ಬೆರಳತುದಿಯ ಗಾಯ ಮತ್ತು ಗುರಿ ಮುಟ್ಟದ ಬೆಂಡ್. 10ರಲ್ಲಿ ಪರವಾಗಿಲ್ಲ, 9ರಲ್ಲಿ ಸಲೀಸು. ಸದ್ದು ತೆಳುವಾಗುತ್ತದೆ ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಕೌಸ್ಟಿಕ್ ಸೆಟ್ಟೇ ಆದ್ದರಿಂದ ತಂತಿಯನ್ನು ತರಿಸಿಕೊಳ್ಳಬೇಕು, ಒಂದು ಸೆಟ್ಟಿಗೆ ಐನೂರರ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯಲ್ಲಿ ತಂತಿ ಎರಡು ಮೂರು ವಾರಕ್ಕೇ ತುಕ್ಕು ಹಿಡಿದು ಒರಟಾಗುತ್ತದೆ, ಬೆಂಡ್ ಮಾಡುವಾಗ ಫ್ರೆಟ್ಟಿನ ಮೇಲೆ ಕರಕರ ಎನ್ನುತ್ತದೆ. ಗಿಟಾರಿನ ಕುತ್ತಿಗೆಯೂ ತೇವಕ್ಕೆ ಅಲುಗಿ ತಂತಿಯ ಎತ್ತರ ಬದಲಾಗುತ್ತದೆ. ನಾನು ಮಳೆಗಾಲ ಹಿಡಿಯುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ ಟ್ರಸ್ ರಾಡನ್ನು (ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಸರಳು) ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿಕೊಳ್ಳುತ್ತೇನೆ. ಗಿಟಾರಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಪ್ರತಿ ಸಲ ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒಣ ಬಟ್ಟೆಯಿಂದ ಒರೆಸುವುದರಿಂದ ಒಂದು ಸೆಟ್ ಆರು ವಾರ ಎಳೆಯುತ್ತದೆ.

ಲಿಕ್‌ಗಳನ್ನು ಬಿಟ್ಟು ಹಾರ್ಮೋನಿಯಂ ಹಿಡಿದದ್ದು ಕರೆಂಟು ಹೋದ ದಿನಗಳಲ್ಲಿ. ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದರೆ ಎರಡೆರಡು ದಿನ ಕರೆಂಟು ಇರುವುದಿಲ್ಲ. ಆಂಪ್ ಇಲ್ಲ, ಟ್ರ್ಯಾಕ್ ಇಲ್ಲ, ಮೊಬೈಲಿನ ಚಾರ್ಜನ್ನೂ ಉಳಿಸಿಕೊಳ್ಳಬೇಕು. ಮನೆಯಲ್ಲಿ ನಮ್ಮ ಅತ್ತೆಯವರು ಭಜನೆಗೆ ಬಳಸುವ ಹಾರ್ಮೋನಿಯಂ ಇತ್ತು. ಅದು ಹಳೆಯದಾದ್ದರಿಂದ ಮೊಬೈಲಿನ ಟ್ಯೂನರಿಗಿಂತ ಒಂದಿಷ್ಟು ಏರಿತ್ತು. ಗಿಟಾರನ್ನೇ ಅದಕ್ಕೆ ಕಿವಿಯಿಂದ ಶ್ರುತಿ ಮಾಡಿಕೊಂಡೆ. ಬಿಳಿ 6 (ಸಿಯಿಂದ ಎಣಿಸಿದರೆ ಆರನೆಯ ಬಿಳಿ ಮನೆ, ಅಂದರೆ ಕೀಲಿ) ನನ್ನ ಷಡ್ಜ, ಪಾಶ್ಚಾತ್ಯ ಹೆಸರಿನಲ್ಲಿ ಎ. ತೆಳು ತಂತಿಯ ಕಡೆಯಿಂದ ಎಣಿಸಿದರೆ ಎರಡನೆಯ ತಂತಿಯ ಎಂಟನೆಯ ಫ್ರೆಟ್ಟಿನಿಂದ ಬೆಂಡ್ ಮಾಡಿ ಬಿಳಿ 6ನ್ನು ಮುಟ್ಟುವುದು, ಮೂರನೆಯ ತಂತಿಯ ಏಳನೆಯ ಫ್ರೆಟ್ಟಿನಿಂದ ಬಿಳಿ 3ನ್ನು ಮುಟ್ಟುವುದು, ಆಮೇಲೆ ಮನೆಯನ್ನು ಒತ್ತಿ ಸರಿಯೋ ತಪ್ಪೋ ನೋಡುವುದು, ಇಷ್ಟನ್ನೇ ವಾರಗಟ್ಟಲೆ ಮಾಡಿದೆ. ಒತ್ತುವ ಮೊದಲು ಬಾಯಲ್ಲಿ ಹಾಡಬೇಕು ಎಂಬ ನಿಯಮ ಹಾಕಿಕೊಂಡ ಮೇಲೆ ಬೆಂಡ್‌ಗಳು ಗುರಿಗೆ ಬೀಳತೊಡಗಿದವು. ಗಂಟಲು ಗುರಿಯನ್ನು ಹಿಡಿಯದಿದ್ದರೆ ಬೆರಳು ಅದನ್ನು ಹುಡುಕುವುದೇ ಇಲ್ಲ. ಮೂರು ಬೆರಳು ಸೇರಿಸಿ ತಳ್ಳುವುದು, ಮಣಿಕಟ್ಟು ತಿರುಗಿಸುವುದು ಎಲ್ಲ ಅದಾದ ಮೇಲಿನ ಮಾತು.

ಇದರಲ್ಲಿ ಅತ್ಯಂತ ಹೊತ್ತು ತಿಂದದ್ದು ಗಾಂಧಾರ. ಬ್ಲೂಸ್‌ನ ಗಾಂಧಾರ ಹಾರ್ಮೋನಿಯಂನಲ್ಲಿ ಇಲ್ಲ. ಅದು ಬಿಳಿ 1 (ಸಿ) ಮತ್ತು ಕಪ್ಪು 1ರ (ಸಿ ಶಾರ್ಪ್) ನಡುವೆ, ಅಂದರೆ ಸಾಧಾರಣ ಗಾಂಧಾರಕ್ಕಿಂತ ಮೇಲೆ, ಅಂತರ ಗಾಂಧಾರಕ್ಕಿಂತ ಕೆಳಗೆ ಕೂರುತ್ತದೆ. ಮೂರನೆಯ ತಂತಿಯ ಐದನೆಯ ಫ್ರೆಟ್ಟಿನಲ್ಲಿ ತೋರುಬೆರಳಿನಿಂದ ಒಂದೆಳೆ ಕೆಳಗೆ ಎಳೆದರೆ ಅದು ಬರುತ್ತದೆ, ಹೆಚ್ಚು ಎಳೆದರೆ ಹೋಗುತ್ತದೆ. ಹಾರ್ಮೋನಿಯಂನಲ್ಲಿ ಎರಡು ಮನೆಗಳನ್ನೂ ಒಂದಾದ ಮೇಲೊಂದು ಒತ್ತಿ ಕಿವಿಗೆ ಎಲ್ಲೆ ತೋರಿಸಿ, ಆಮೇಲೆ ಅವೆರಡರ ನಡುವೆ ಹಾಡಿ, ಹಾಡಿದ್ದನ್ನು ತಂತಿಯಲ್ಲಿ ಹುಡುಕುತ್ತಿದ್ದೆ. ಅತ್ತೆಯವರು ಅಡುಗೆಮನೆಯಿಂದಲೇ, "ಅಳಿಯಂದಿರೇ, ಅದು ಏರಲಿಲ್ಲ, ಇಳಿಯಲೂ ಇಲ್ಲ, ಯಾವುದಾದರೂ ಒಂದು ಕಡೆ ನಿಲ್ಲಿಸಿ" ಎಂದ ದಿನ ಸ್ವರ ಸರಿಯಾದ ಜಾಗಕ್ಕೆ ಬಂದಿದೆ ಎಂದು ನನಗೆ ಖಾತ್ರಿಯಾಯಿತು.

ಎರಡನೆಯ ನಿಯಮ ಇನ್ನೂ ಕಟುವಾದದ್ದು. ಹೆಚ್ಚುಕಡಿಮೆ ಒಂದು ವರ್ಷ ತೆಳುವಾದ ಮೂರು ತಂತಿಗಳ ಆಚೆ ಹೋಗಲಿಲ್ಲ. ಮೊದಲ ಕೆಲವು ತಿಂಗಳು ಎರಡೇ ತಂತಿ, ಐದರಿಂದ ಎಂಟನೆಯ ಫ್ರೆಟ್ಟಿನವರೆಗೆ. ಗತಿ ನಿಮಿಷಕ್ಕೆ 60 ಹೊಡೆತ, 12/8ರ (ಬಾರ್‌ಗೆ ನಾಲ್ಕು ಹೊಡೆತ, ಒಂದೊಂದರಲ್ಲಿ ಮೂರು ಪಾಲು) ನಿಧಾನ ಬ್ಲೂಸ್, ಅಂದರೆ 12 ಬಾರ್‌ಗಳ ಒಂದು ಸುತ್ತಿಗೆ 48 ಸೆಕೆಂಡ್. ಬ್ಲೂಸ್ ಹಾಡಿನಲ್ಲಿ ಮೊದಲ ಸಾಲು ನಾಲ್ಕು ಬಾರ್, ಅದೇ ಸಾಲು ಮತ್ತೆ ನಾಲ್ಕು ಬಾರ್, ಕೊನೆಯ ನಾಲ್ಕರಲ್ಲಿ ಉತ್ತರ. ಪ್ರತಿ ಸಾಲಿನಲ್ಲಿಯೂ ಹಾಡು ಎರಡು ಬಾರ್ ನಡೆದು ಉಳಿದೆರಡು ಬಾರ್ ಗಿಟಾರಿಗೆ ಖಾಲಿ ಬಿಡುತ್ತದೆ. ನಾನು ಈ ಲೆಕ್ಕವನ್ನೇ ಸೋಲೋಗೆ ಇಟ್ಟುಕೊಂಡೆ: ಎರಡು ಬಾರ್ ಬಾಯಲ್ಲಿ, ಎರಡು ಬಾರ್ ಗಿಟಾರಿನಲ್ಲಿ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರಿಗ ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಅವರು 1964ರಲ್ಲಿ ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ಕೊಟ್ಟ ಕಛೇರಿಯ ಧ್ವನಿಮುದ್ರಣವೊಂದೇ ನನ್ನ ಪಠ್ಯವಾಗಿತ್ತು, ಮತ್ತು ಅದರಲ್ಲಿಯೂ ನಾನು ಹೆಚ್ಚು ಕೇಳಿದ್ದು ಅವರು ನುಡಿಸದೆ ಬಿಟ್ಟ ಜಾಗಗಳನ್ನು. ಸ್ವರಗಳನ್ನು ಎಣಿಸುವವರಿಗೆ ಆ ಜಾಗಗಳು ಕಾಣುವುದಿಲ್ಲ. ಮೋಡ್‌ಗಳ ವಾದ ಹೂಡಿದ್ದ ಹುಡುಗನಿಗೂ ಇದನ್ನೇ ಹೇಳಿದ್ದೇನೆ.

ಪ್ರತಿ ಸುತ್ತನ್ನೂ ಮೊಬೈಲಿನಲ್ಲಿ ಮುದ್ರಿಸಿ ಮರುದಿನ ಮಾತ್ರ ಕೇಳುತ್ತಿದ್ದೆ. ಅದೇ ದಿನ ಕೇಳಿದರೆ ಮನಸ್ಸು ನುಡಿಸಬೇಕೆಂದುಕೊಂಡದ್ದನ್ನೇ ಕೇಳಿಸಿಕೊಳ್ಳುತ್ತದೆ, ನುಡಿಸಿದ್ದನ್ನಲ್ಲ. ಕಾಫಿ ಕ್ಯೂರಿಂಗಿಗೆ ಬರುವ ಜನವರಿಯಿಂದ ಮಾರ್ಚಿಯವರೆಗೆ ನನಗೆ ದಿನಕ್ಕೆ ಕಾಲು ಗಂಟೆಯೂ ಸಿಗುತ್ತಿರಲಿಲ್ಲ. ಆಗ ಸ್ಕೂಟರಿನಲ್ಲಿ ಹೋಗುತ್ತ ಬರುತ್ತ ಬಾಯಲ್ಲೇ ಸುತ್ತು ಹಾಕಿದೆ. ಗಿಟಾರ್ ಮುಟ್ಟದ ಆ ತಿಂಗಳುಗಳ ನಂತರ ಕೈ ಜಡವಾಗಿತ್ತು ನಿಜ, ಆದರೆ ವಾಕ್ಯಗಳು ಮೊದಲಿಗಿಂತ ಉದ್ದವಾಗಿ, ಬಿಡುವು ಇಟ್ಟುಕೊಂಡು ಬರುತ್ತಿದ್ದವು.

ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವುದನ್ನು ಅನುಸರಿಸುವ ವಿಷಯದಲ್ಲಿ ನಾನು ಹಿಡಿದದ್ದು ಒಂದೇ ಎಳೆ. ಮೊದಲ ನಾಲ್ಕು ಬಾರ್‌ಗಳಲ್ಲಿ ಎ 7 ಕಾರ್ಡ್ ನಡೆಯುವಾಗ ಗಾಂಧಾರವನ್ನು ಸಿ ಶಾರ್ಪ್ ಕಡೆಗೆ ವಾಲಿಸಬೇಕು. ಐದನೆಯ ಬಾರ್‌ನಲ್ಲಿ ಡಿ 7 ಬಂದೊಡನೆ ಅದನ್ನು ಶುದ್ಧ ಸಿಗೆ ಇಳಿಸಬೇಕು, ಏಕೆಂದರೆ ಸಿ ಆ ಕಾರ್ಡಿನ ಒಳಗಿನದೇ ಸ್ವರ, ಸಿ ಶಾರ್ಪ್ ಅಲ್ಲಿ ಕಿವಿಗೆ ಚುಚ್ಚುತ್ತದೆ. ಎರಡನೆಯ ಬಾರ್‌ನಲ್ಲಿಯೇ ಡಿಗೆ ಹೋಗಿ ಬರುವ ಬಗೆಯಾದರೆ ಅಲ್ಲಿಯೂ ಹೀಗೆಯೇ. ಒಂಬತ್ತನೆಯ ಬಾರ್‌ನ ಇ 7 ಮೇಲೆ ಇ ಅಥವಾ ಬಿ ಸ್ವರಕ್ಕೆ ಇಳಿದರೆ ಸಾಕು. ಈ ಒಂದು ಗಾಂಧಾರದ ಏರಿಳಿತವನ್ನು ಪಾಲಿಸಿದ ದಿನದಿಂದ, ಹಿಂದೆ ಯಾರೂ ಕಾರ್ಡ್ ನುಡಿಸದಿದ್ದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತಿತ್ತು. ಇದಾದ ಮೇಲೆಯೇ ಎರಡನೆಯ ತಂತಿಯ ಹತ್ತನೆಯ ಫ್ರೆಟ್ಟನ್ನು ಮನೆ ಮಾಡಿಕೊಂಡು ಬಿ.ಬಿ. ಬಾಕ್ಸಿಗೆ (ಬಿ.ಬಿ. ಕಿಂಗ್ ಹೆಚ್ಚು ಬಳಸುತ್ತಿದ್ದ ಸ್ವರಗಳ ಜಾಗ) ಹೋದೆ, ಅದು ಎರಡು ವಾರದಲ್ಲಿ ಒಲಿಯಿತು.

ವೈಬ್ರೇಟೊ (ಹಿಡಿದ ಸ್ವರವನ್ನು ನಡುಗಿಸುವುದು) ಬಗ್ಗೆ ಕೇಳುವವರು ಬಹಳ. ಹೆಬ್ಬೆರಳನ್ನು ಕುತ್ತಿಗೆಯಿಂದ ಬಿಡಿಸಿ, ತೋರುಬೆರಳೊಂದರ ಮೇಲೆ ಕೈಯನ್ನು ತೂಗಿಬಿಟ್ಟು ಮಣಿಕಟ್ಟಿನಿಂದ ನಡುಗಿಸುವ ಕ್ರಮ ಎಲ್ಲರೂ ನೋಡಿರುವಂಥದ್ದೇ. ಅದನ್ನು ತಾಳಕ್ಕೆ ಕಟ್ಟಿಹಾಕಲು ನಾನು ಕಂಡುಕೊಂಡ ಅಭ್ಯಾಸವೊಂದಿದೆ, ಅದನ್ನೂ ಕೊನೆಯ ಎರಡು ಬಾರ್‌ಗಳಿಗೆ ನಾನು ಕಟ್ಟಿಕೊಂಡಿರುವ ಟರ್ನ್‌ಅರೌಂಡನ್ನೂ (ಸುತ್ತನ್ನು ಮತ್ತೆ ಮೊದಲಿಗೆ ತರುವ ತಿರುವು) ಇಲ್ಲಿ ಬರೆಯುವುದಿಲ್ಲ. ನಮ್ಮ ಬಳಗದವರೇ ಇನ್ನೂ ಅದನ್ನು ಹಿಡಿಯಲು ಹೆಣಗುತ್ತಿದ್ದಾರೆ.

ನಡುನಡುವೆ ದಾರಿ ಬಿಟ್ಟದ್ದೂ ಉಂಟು. ಬ್ಲೂಸ್‌ನ ಐದು ಸ್ವರಗಳೇ ಶುದ್ಧ ಧನ್ಯಾಸಿಯ ಐದು ಸ್ವರಗಳೂ ಆಗಿರುವುದರಿಂದ ತಂಬೂರಿ ಆ್ಯಪ್ ಹಾಕಿಕೊಂಡು ಆ ರಾಗವನ್ನು ಗಿಟಾರಿನಲ್ಲಿ ಎಳೆದು ನೋಡಿದೆ. ಶ್ರುತಿ ನಿಲ್ಲುವುದಕ್ಕೆ ಅದರಿಂದ ಲಾಭವಾಯಿತು. ಆದರೆ ರಾಗದ ಕಂಪಿತವನ್ನು ಹಾಗೆಯೇ 12 ಬಾರ್‌ಗೆ ತಂದರೆ ಸ್ವರ ತೇಲಿ ಶಫಲ್‌ನ ಹೊಡೆತ ತಪ್ಪುತ್ತದೆ. ಬ್ಲೂಸ್‌ನ ಗಾಂಧಾರವನ್ನು ರಾಗಕ್ಕೆ ಒಯ್ದರೆ ಅತ್ತೆಯವರು ಎದ್ದು ಹೋಗುತ್ತಾರೆ. ಇನ್ನೊಂದು ಪ್ರಯೋಗ ಸ್ಲೈಡಿನದು, ಅಂದರೆ ಬೆರಳಿಗೆ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸಿ ನುಡಿಸುವುದು. ಅಮೆರಿಕದ ಗಿಟಾರಿಗ ಡುವೇನ್ ಆಲ್‌ಮನ್ ಗಾಜಿನ ಔಷಧಿ ಬಾಟಲಿಯನ್ನು ಬೆರಳಿಗೆ ಹಾಕಿಕೊಂಡು ನುಡಿಸುತ್ತಿದ್ದರು. ನಾನೂ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊನೆಗೆ ಕಿರುಬೆರಳಿಗೆ ಕೂರುವ ಒಂದನ್ನು ಆರಿಸಿದೆ. ಸಾವಿರದೈನೂರಕ್ಕೆ ಸಿಕ್ಕ ಹಳೆಯ ಅಕೌಸ್ಟಿಕ್ ಗಿಟಾರಿನ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕೆಳಗೆ ರಟ್ಟು ಕೊಟ್ಟು ತಂತಿಯನ್ನು ಎತ್ತರಿಸಿ, ಓಪನ್ ಡಿಗೆ (ಎಲ್ಲಿಯೂ ಒತ್ತದೆ ಮೀಟಿದರೆ ಡಿ ಕಾರ್ಡ್ ಬರುವ ಹಾಗೆ) ಶ್ರುತಿ ಮಾಡಿಕೊಂಡರೆ ಸ್ಲೈಡಿಗೆ ಅದು ಬೇಕಾದಷ್ಟಾಯಿತು. ಆ ಗಿಟಾರಿನಲ್ಲಿ ಸಭೆಯ ಮುಂದೆ ನುಡಿಸುವ ಮಟ್ಟ ಬರಲಿಲ್ಲವಾದರೂ, ಫ್ರೆಟ್ಟಿನ ಆಧಾರವಿಲ್ಲದೆ ಸ್ವರ ಹುಡುಕಿದ್ದರಿಂದ ಬೆಂಡ್‌ಗಳು ಇನ್ನಷ್ಟು ಬಿಗಿಯಾದವು. ಖರ್ಚಿಗೆ ಹೋಲಿಸಿದರೆ ಪೆಡಲ್‌ಗಿಂತ ಇದೇ ಮೇಲು.

ಪರೀಕ್ಷೆ ನಡೆದದ್ದು ಆಲ್ದೂರಿನ ಕಡೆಯ ಹೋಮ್‌ಸ್ಟೇ ಒಂದರಲ್ಲಿ. ಅತಿಥಿಗಳ ಕೋರಿಕೆಯ ಚಿತ್ರಗೀತೆಗಳೆಲ್ಲ ಮುಗಿದ ಮೇಲೆ ಡ್ರಮ್ಮರ್ ನಿಧಾನದ 12/8 ಹಿಡಿದರು, ಕೀಬೋರ್ಡಿನ ಹಿರಿಯರು ಒಲ್ಲದ ಮನಸ್ಸಿನಿಂದಲೇ ಎ 7 ಒತ್ತಿದರು. ನಾನು ನಾಲ್ಕು ಸುತ್ತು ನುಡಿಸಿದೆ, ಅಂದರೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಮೊದಲ ಸುತ್ತಿನಲ್ಲಿ ಸ್ವರಗಳಿಗಿಂತ ಬಿಡುವೇ ಜಾಸ್ತಿ ಇತ್ತು, ಮೂರನೆಯದರಲ್ಲಿ ಮಾತ್ರ ಎರಡನೆಯ ತಂತಿಯ ಹತ್ತನೆಯ ಫ್ರೆಟ್ಟಿಗೆ ಏರಿದೆ. ಯಾರೂ ಎದ್ದು ಹೋಗಲಿಲ್ಲ. ತಾವೂ ಗಿಟಾರ್ ನುಡಿಸುವ ಅತಿಥಿಯೊಬ್ಬರು ಬಂದು ಯಾರ ಹತ್ತಿರ ಕಲಿತಿರಿ ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಹಿರಿಯರು, "ಅವರ ಅತ್ತೆಯವರ ಹತ್ತಿರ" ಎಂದುಬಿಟ್ಟರು. ಮುಂದಿನ ವಾರ ಅವರೇ ಫೋನ್ ಮಾಡಿ, ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಈ ಬ್ಲೂಸ್ ಒಂದಿರಲಿ ಎಂದರು.

ಶಫಲ್‌ನ ಗತಿ 120 ದಾಟಿದರೆ ಈ ಕ್ರಮ ಸದ್ಯಕ್ಕೆ ಕೈಕೊಡುತ್ತದೆ. ಬಾಯಿಗೆ ಅಷ್ಟು ವೇಗದಲ್ಲಿ ವಾಕ್ಯ ಹುಟ್ಟುವುದಿಲ್ಲ, ಬೆರಳು ತಾನೇ ಹಳೆಯ ಲಿಕ್‌ಗಳಿಗೆ ಓಡುತ್ತದೆ. ಅದಕ್ಕಾಗಿ ಈಗ 90ರ ಗತಿಗಿಳಿದು ಮತ್ತೆ ಎರಡೇ ತಂತಿಗಳಿಂದ ಶುರು ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಹಿರಿಯರು ಬಂದು ಎಡಗೈಯಲ್ಲಿ ಬೇಸ್ ನುಡಿಸಿಕೊಡುತ್ತಾರೆ, ಎರಡು ವಾರಕ್ಕೊಮ್ಮೆ ಐದೈದು ಏರಿಸುತ್ತ ಮೊನ್ನೆಗೆ 105ಕ್ಕೆ ಬಂದಿದ್ದೇವೆ.