ಎಕರೆ ಬಿಟ್ಟು ವರ್ಷ ಎಣಿಸಿದೆ

ಗೊಬ್ಬರಕ್ಕೆ ದುಡ್ಡಿಲ್ಲದೆ ಹೆಂಡತಿಯ ಬಳೆ ಅಡವಿಡಲು ಮೂಡಿಗೆರೆಗೆ ಹೋದ ದಿನ ನಾನು ಲೆಕ್ಕದ ಪ್ರಕಾರ ಒಂದೂವರೆ ಕೋಟಿಯ ಒಡೆಯ. 2017ರ ಜುಲೈ ಇರಬೇಕು. ಹಿಂದಿನ ರಾತ್ರಿಯಷ್ಟೇ ಮೊಬೈಲಿನಲ್ಲಿ ಪರಿಚಯವಾದ, ಮುಖ ನೋಡದ ನಾಲ್ಕಾರು ಮಂದಿಯೊಂದಿಗೆ ಆಸ್ತಿಯ ಲೆಕ್ಕ ಹಂಚಿಕೊಂಡಿದ್ದೆ. ಎಂಟು ಎಕರೆ ಕಾಫಿ ತೋಟ, ಎಕರೆಗೆ ಹದಿನೆಂಟು ಲಕ್ಷ, ಜೊತೆಗೆ ಮನೆ, ಕಣ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ. ಬೆಂಗಳೂರಿನ ಒಬ್ಬರು ‘ನೀವು ನನಗಿಂತ ಎರಡು ಪಟ್ಟು ಸಿರಿವಂತರು’ ಎಂದು ಬರೆದಿದ್ದರು. ಮಾರನೆಯ ದಿನ ಬಳೆ ತೂಗುವವನು ಕಲ್ಲು, ಅರಗು ಎಂದು ಎರಡು ಗ್ರಾಂ ಕಳೆಯುತ್ತಿದ್ದಾಗ ಆ ಮಾತು ನೆನಪಾಗಿ ನಗು ಬಂತು. ಬಳೆಯ ಒಡತಿ ನಗಲಿಲ್ಲ.

ಸಾಲ ಕಳೆದು ಉಳಿಯುವ ಗಂಟನ್ನು ಅಪರಿಚಿತರ ಗಂಟಿನೊಂದಿಗೆ ಹೋಲಿಸುವ ನನ್ನ ಈ ಅಭ್ಯಾಸವನ್ನು ಸಕಲೇಶಪುರದ ನಮ್ಮ ಭಾವ ಮೊದಲಿನಿಂದಲೂ ಹುಚ್ಚು ಎಂದವರು. ‘ಯಾರದೋ ಗಂಟು ಎಣಿಸಿದರೆ ನಿನ್ನ ಸೊಸೈಟಿ ಸಾಲ ತೀರುತ್ತದೆಯೇ?’ ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದರು. ತೀರಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಬರೀ ಸೋಲು. ತೋಟದ ಬೆಲೆಯನ್ನು ಗಂಟಿನಲ್ಲಿ ಸೇರಿಸಿದ್ದು ದೊಡ್ಡ ತಪ್ಪು. ನಮ್ಮ ಕಡೆ ಎಕರೆಗೆ ಇಷ್ಟು ಎಂಬುದು ಯಾರೋ ಹೊರಗಿನವರು ಹೋಂಸ್ಟೇಗೆಂದು ಕೊಂಡ ಜಾಗದ ಬೆಲೆ; ನನ್ನ ಇಳಿಜಾರಿಗೆ ಅಷ್ಟು ಕೊಡುವವರು ಯಾರೂ ಬಂದಿರಲಿಲ್ಲ, ಬಂದರೂ ಮಾರುವವನಲ್ಲ. ಸಾಲದ್ದಕ್ಕೆ ಪಹಣಿಯಲ್ಲಿರುವುದು ಏಳು ಎಕರೆ, ಬೇಲಿಯೊಳಗೆ ಇರುವುದು ಎಂಟು. ಆ ಒಂದು ಎಕರೆಯ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಬಗರ್ ಹುಕುಂ ಅರ್ಜಿ, ಫಾರಂ 57, ಹಾಕಿ ಕುಳಿತಿದ್ದೇನೆ. ನನ್ನದೆಂದು ಸಾಬೀತಾಗದ ಎಕರೆಯನ್ನು ಅಪರಿಚಿತರ ಮುಂದೆ ಹದಿನೆಂಟು ಲಕ್ಷವೆಂದು ಎಣಿಸಿದ್ದೆ!

ಎರಡನೆಯದು ಗೋದಾಮಿನ ಸರಕು. ಆ ವರ್ಷದ ಅತಿ ಹೆಚ್ಚಿನ ಧಾರಣೆ ಹಿಡಿದು ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ) ಬೆಲೆ ಕಟ್ಟುತ್ತಿದ್ದೆ, ಮಾರಿದ್ದು ಮಾತ್ರ ಮಾರ್ಚ್‌ನ ಗಡಿಬಿಡಿಯಲ್ಲಿ. ಮೂರನೆಯದು ಬಾಯಿಬಡುಕತನ. ‘ಹೇಮಾವತಿ ಹೊಳೆಯ ಬದಿ, ಎಂಟು ಎಕರೆ, ಮನೆ ಮುಂದೆ ಹಳೆಯ ಹಲಸು’ ಎಂದು ಬರೆದರೆ ಗುರುತು ಹಿಡಿಯಲು ಹೆಸರು ಬೇಕೇ? ಹದಿನೈದು ದಿನದಲ್ಲಿ ದೂರದ ನೆಂಟರೊಬ್ಬರು ಕೈಸಾಲಕ್ಕೆ ಬಂದರು. ಅದೇ ಹೊತ್ತಿಗೆ ‘ನಿಮ್ಮ ಗಂಟು ದುಪ್ಪಟ್ಟು ಮಾಡಿಕೊಡುತ್ತೇನೆ’ ಎಂದು ಇಂಪಾಗಿ ಮಾತನಾಡುವ ಒಬ್ಬ ಫೋನ್ ಮಾಡಿದ. ಮೂರು ಕಂತಿನಲ್ಲಿ ಸುಮಾರು ಅರವತ್ತು ಸಾವಿರ ಹೋಯಿತು. ನಾಚಿಕೆಯಿಂದ ವಾರಗಟ್ಟಲೆ ಯಾರಿಗೂ ಹೇಳಲಿಲ್ಲ, ದೂರು ಕೊಡುವ ಹೊತ್ತಿಗೆ ದುಡ್ಡು ಎಲ್ಲೋ ಕರಗಿತ್ತು. ಈಗ ಇಂಥ ಸೈಬರ್ ವಂಚನೆಯ ದೂರಿಗೆ 1930 ಎಂಬ ಸಂಖ್ಯೆ ಇದೆ. ದುಡ್ಡು ಹೋದ ಗಳಿಗೆಯಲ್ಲೇ ಕರೆ ಮಾಡಬೇಕು. ಆ ಅರವತ್ತು ಸಾವಿರವನ್ನು ನನ್ನ ಪುಸ್ತಕದಲ್ಲಿ ‘ಶುಲ್ಕ’ ಎಂದು ಬರೆದಿದ್ದೇನೆ.

2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಜಾರಿದ್ದು ಎಲ್ಲರಿಗೂ ಗೊತ್ತು. ನನ್ನದು ಅರ್ಧ ಎಕರೆ ಅರೇಬಿಕಾ ಹೊಳೆಗೆ ಹೋಯಿತು. ಹಳೆಯ ಲೆಕ್ಕದಲ್ಲಿ ಒಂಬತ್ತು ಲಕ್ಷ ನಷ್ಟ. ಆದರೆ ಆ ಅರ್ಧ ಎಕರೆ ಬಿಳಿ ಕಾಂಡಕೊರಕ ಹುಳು ಹಿಡಿದು ವರ್ಷಕ್ಕೆ ಮೂರು ಚೀಲ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಸಹ ಕೊಡುತ್ತಿರಲಿಲ್ಲ; ಕೂಲಿ ಕಳೆದರೆ ಕೈಯಿಂದಲೇ ಹಾಕುತ್ತಿದ್ದೆ. ಹೋದ ಮೇಲೆ ಮನೆ ಖರ್ಚಿನಲ್ಲಿ ಒಂದು ರೂಪಾಯಿ ವ್ಯತ್ಯಾಸವಾಗಲಿಲ್ಲ. ಅಂದೇ ಎಕರೆಯನ್ನು ಲೆಕ್ಕದಿಂದ ಹೊಡೆದು ಹಾಕಿದೆ.

ಹೊಸ ಲೆಕ್ಕ ಹೀಗಿತ್ತು: ತೋಟ, ಮನೆ, ಜೀಪು ಹೊರಗೆ. ಒಳಗೆ ಬರುವುದು ಠೇವಣಿ, ವಿಮೆಯನ್ನು ಇಂದೇ ಮುರಿದರೆ ಬರುವ ಮೊತ್ತ (ಮುಕ್ತಾಯದ ದಿನ ಬರುವುದಲ್ಲ), ಅಡವಿಟ್ಟರೆ ಸಿಗುವಷ್ಟಕ್ಕೆ ಮಾತ್ರ ಚಿನ್ನ, ಐದು ವರ್ಷದ ಸರಾಸರಿ ಬೆಲೆಯಲ್ಲಿ ಗೋದಾಮಿನ ಸರಕು. ಕಳೆಯುವುದು ಸೊಸೈಟಿ, ಒಡವೆ ಸಾಲ, ಕೈಸಾಲ. ಎತ್ತದ ಚೀಟಿ ಆಸ್ತಿ, ಎತ್ತಿದ ಚೀಟಿ ಸಾಲ. ಇದೊಂದನ್ನೇ ಅರ್ಧದಷ್ಟು ಜನ ತಪ್ಪಾಗಿ ಬರೆಯುತ್ತಾರೆ. ಉಳಿದದ್ದನ್ನು ಮನೆಯ ಒಂದು ವರ್ಷದ ಖರ್ಚಿನಿಂದ ಭಾಗಿಸಬೇಕು. ಬಂದ ಉತ್ತರ ರೂಪಾಯಿಯಲ್ಲಿ ಇರುವುದಿಲ್ಲ, ವರ್ಷದಲ್ಲಿ ಇರುತ್ತದೆ: ಒಂದು ಕಾಯಿಯೂ ಬಿಡದಿದ್ದರೆ ಎಷ್ಟು ವರ್ಷ ಒಲೆ ಉರಿಯುತ್ತದೆ?

ನನ್ನದು ಮೈನಸ್ ಹತ್ತು ತಿಂಗಳು ಬಂತು.

ರೂಪಾಯಿ ಕೇಳಿದರೆ ಬಾಯಿ ಬಿಡದವರು ವರ್ಷ ಕೇಳಿದರೆ ಹೇಳುತ್ತಾರೆ, ಗುರುತೂ ಸಿಗುವುದಿಲ್ಲ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಮಂದಿಯನ್ನು ಕೇಳಿದೆ. ಹನ್ನೊಂದು ಮಂದಿಯನ್ನು ಉಳಿಸಿಕೊಂಡೆ. ಬಡಾಯಿ ಕೊಚ್ಚುವವರನ್ನು ಸೋಸಲು ನನ್ನ ಬಳಿ ಎರಡು ಪ್ರಶ್ನೆಗಳಿವೆ. ಬೆಳೆಗಾರನೆಂದು ಹೇಳಿಕೊಂಡವರನ್ನು ಕಳೆದ ಸಲ ಚೆರಿ ಓಟಿ (ಔಟ್‌ಟರ್ನ್, ಅಂದರೆ ಒಂದು ಚೀಲ ಚೆರಿಯಿಂದ ಸಿಗುವ ಬೀಜದ ಕೆ.ಜಿ.) ಎಷ್ಟು ಬಂತೆಂದು ಕೇಳುತ್ತೇನೆ. ನಿಜವಾಗಿ ರೋಬಸ್ಟಾ ಮಾರಿದವನು ಇಪ್ಪತ್ತಾರೂವರೆ, ಇಪ್ಪತ್ತೆಂಟು ಎಂದು ಥಟ್ಟನೆ ಹೇಳಿ, ಜೊತೆಗೆ ವ್ಯಾಪಾರಿಯನ್ನೂ ಬೈಯುತ್ತಾನೆ. ಐವತ್ತು ಕೆ.ಜಿ. ಚೀಲಕ್ಕೆ ಮೂವತ್ತೈದು ಎಂದವನ ಉಳಿದ ಅಂಕಿಗಳನ್ನು ನೋಡುವ ಅಗತ್ಯವಿಲ್ಲ. ಇನ್ನೊಂದು ಪ್ರಶ್ನೆಯನ್ನು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಅದು ನನಗೇ ಉಪಯೋಗಕ್ಕೆ ಬಾರದು.

ಹನ್ನೊಂದು ಮಂದಿಯಲ್ಲಿ ಇಪ್ಪತ್ತೈದು ಎಕರೆಯವರೊಬ್ಬರು ಮೈನಸ್ ಎರಡು ವರ್ಷದಲ್ಲಿದ್ದರು. ಅರಸೀಕೆರೆ ಕಡೆಯ ಬಸ್ ಕಂಡಕ್ಟರ್ ಒಬ್ಬರು, ನಲವತ್ತು ತೆಂಗಿನ ಮರ, ಎರಡು ಎಮ್ಮೆ, ಆರು ವರ್ಷ! ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮುಚ್ಚುಮರೆಯೇಕೆ? ಅವರಿಗೆ ಸೊಸೈಟಿ ಸಾಲವೇ ಇಲ್ಲ, ನನಗೆ ಅದು ಬಡ್ಡಿಯಿಲ್ಲದ ಸಾಲವೆಂದು ಅಜ್ಜನ ಕಾಲದ ಪಿತ್ರಾರ್ಜಿತದಂತೆ ವರ್ಷವರ್ಷವೂ ತಿರುವಿ ಹಾಕುವುದೇ ಬದುಕಾಗಿತ್ತು. ಗಡುವಿನ ದಿನ ಕಟ್ಟಿ ಮತ್ತೆ ಎತ್ತಲು ಒಂದು ವಾರಕ್ಕೆ ಕೈಸಾಲ ಮಾಡುತ್ತಿದ್ದೆ. ಆ ವಾರಕ್ಕೆ ಕೊಡುತ್ತಿದ್ದ ಬಡ್ಡಿಯನ್ನು ಅಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ.

ನನಗೆ ನಿಜವಾದ ಲಾಭ ತಂದದ್ದು ಗಂಟಿನ ಹೋಲಿಕೆಗಿಂತ ಅದರ ಬಾಲಕ್ಕೆ ಅಂಟಿಕೊಂಡು ಬಂದ ಇನ್ನೊಂದು ಅಂಕಿ: ಎಕರೆಗೆ ವರ್ಷಕ್ಕೆ ಎಷ್ಟು ಆಳು, ಅಂದರೆ ಎಷ್ಟು ದಿನದ ಕೂಲಿ. ನನ್ನದು ಹೆಚ್ಚುಕಡಿಮೆ ನೂರಹತ್ತು. ನನ್ನಂತೆಯೇ ರೋಬಸ್ಟಾ ಇರುವ ಐವರದು ಎಪ್ಪತ್ತೈದರಿಂದ ಎಂಬತ್ತೈದು. ಸುಳ್ಳೆಂದುಕೊಂಡೆ. ಕೆಲಸ ಕೆಲಸವಾಗಿ ಬಿಡಿಸಿ ಕೇಳಿದಾಗ ತಿಳಿಯಿತು: ಅವರು ಮರಗಸಿಯನ್ನು (ನೆರಳಿನ ಮರದ ಕೊಂಬೆ ಕಡಿಯುವುದನ್ನು) ಒಂದೊಂದು ವರ್ಷ ಒಂದೊಂದು ಪಟ್ಟೆಗೆ ಮಾಡುತ್ತಿದ್ದರು, ನಾನು ಅಪ್ಪ ಮಾಡಿದಂತೆ ಪ್ರತಿ ವರ್ಷ ಇಡೀ ತೋಟಕ್ಕೆ. ಕಳೆಗೆ ಅವರದು ಯಂತ್ರ, ನನ್ನದು ಕತ್ತಿ. ಮೂವತ್ತು ಸಾವಿರ ಚಿಲ್ಲರೆ ಕೊಟ್ಟು ಕಳೆ ಕತ್ತರಿಸುವ ಯಂತ್ರ ತಂದೆ. ಮೊದಲ ವಾರವೇ ಎಳೆ ಗಿಡ ಇಪ್ಪತ್ತು ಕತ್ತರಿಸಿ ಹೋದವು, ಭಾವನಿಗೆ ಒಳ್ಳೆಯ ಹಬ್ಬವಾಯಿತು. ಆದರೆ ಎರಡು ವರ್ಷದಲ್ಲಿ ಆಳು ಎಂಬತ್ತಕ್ಕೆ ಇಳಿಯಿತು. ಆಗಿನ ಮುನ್ನೂರೈವತ್ತರ ಕೂಲಿಯಲ್ಲಿ ವರ್ಷಕ್ಕೆ ಎಂಬತ್ತು ಸಾವಿರದ ಆಸುಪಾಸು ಉಳಿತಾಯ. ಬಳೆಗಳು ವಾಪಸು ಬಂದದ್ದು ಆ ದುಡ್ಡಿನಲ್ಲಿ.

ನಡುವೆ ಎರಡು ಉಪಕಥೆಗಳು. ಅಪ್ಪನ ಉದ್ದನೆಯ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿದ್ದವು. ಅವರ ‘ವರ್ಷ’ ಎಷ್ಟಿತ್ತೆಂದು ನೋಡೋಣವೆಂದು ಒಂದು ಮಳೆಗಾಲ ಪೂರ್ತಿ ಕುಳಿತೆ. ಅದು ಕಾಫಿ ಮಂಡಳಿಯ ಪೂಲ್ ಕಾಲ, ಬೆಳೆದದ್ದನ್ನೆಲ್ಲ ಅಲ್ಲಿಗೇ ಕೊಡಬೇಕು, ಹಣ ಕಂತು ಕಂತಾಗಿ ಬರಬೇಕು. ಯಾವ ವರ್ಷದ ಬೆಳೆಗೆ ಯಾವ ಕಂತು ಎಂಬುದನ್ನು ಬಿಡಿಸಲಾಗದೆ ಸೋತೆ. ಕೊನೆಗೆ ರೂಪಾಯಿ ಬಿಟ್ಟು ಕೂಲಿಯ ದಿನಗಳಲ್ಲಿ ಎಣಿಸಿದಾಗ ಒಂದೂವರೆ ವರ್ಷದಂತೆ ಬಂತು. ಮೂರು ಮಕ್ಕಳ ಓದು, ಎರಡು ಮದುವೆ ಅದರಲ್ಲೇ. ಇನ್ನೊಂದು, ಸಂಬಳದವರ ಜೊತೆಗಿನ ಹೋಲಿಕೆ. ಭಾವನ ಮಗನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ ಒಂದು ಲಕ್ಷ ನಲವತ್ತು ಸಾವಿರ. ಅವನ ಅಂಕಿ ತೆರಿಗೆಯ ಮೊದಲಿನದು, ನನ್ನ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕೈಗೆ ಬಂದದ್ದನ್ನು ಕೈಗೆ ಬಂದದ್ದಕ್ಕೇ ಹೋಲಿಸಬೇಕು. (ಹುರಿದು ಪುಡಿ ಮಾಡಿ ಮಾರಿದರೆ ಆದಾಯ ತೆರಿಗೆಯ ನಿಯಮದ ಪ್ರಕಾರ ಲಾಭದ ಶೇ 40 ಭಾಗ ವ್ಯಾಪಾರದ ಆದಾಯವಾಗುತ್ತದೆ. ನಾನೂ ಒಮ್ಮೆ ಪುಡಿ ಮಾಡಲು ಹೋಗಿ ಹದಿನಾಲ್ಕು ಸಾವಿರ ಕಳೆದುಕೊಂಡೆ, ಹಾಗಾಗಿ ಆ ನಿಯಮದ ತೊಂದರೆ ತಗಲಲಿಲ್ಲ.) ಮನೆ ಸಾಲದ ಕಂತು ಕಳೆದು ಹುಡುಗನದು ಏಳು ತಿಂಗಳು ಬಂತು. ಈ ಅಂಕಿಯನ್ನು ಭಾವನಿಗೆ ಇನ್ನೂ ಹೇಳಿಲ್ಲ.

ಆಮೇಲಿನ ಏರಿಕೆಯಲ್ಲಿ ನನ್ನ ಜಾಣತನ ಕಡಿಮೆ. ಮೂರು ಸಾವಿರದ ಮುನ್ನೂರಕ್ಕೆ ಕೊಟ್ಟ ರೋಬಸ್ಟಾ ಚೆರಿಯ ಚೀಲ ಐದು ವರ್ಷದಲ್ಲಿ ಹತ್ತು ಸಾವಿರ ದಾಟಿತು. ಮಲಗಿದ್ದವನ ಗಂಟೂ ಬೆಳೆಯಿತು. ಆದರೆ ಅಕ್ಕಪಕ್ಕದವರು ಹೊಸ ಜೀಪು ತಂದಾಗ ನಾನು ಸೊಸೈಟಿ ಸಾಲ ಕಟ್ಟಿ ಮತ್ತೆ ಎತ್ತಲಿಲ್ಲ. ಕಾರ್ಯದರ್ಶಿಯವರು ‘ಬಡ್ಡಿಯಿಲ್ಲದ ಸಾಲ ಬೇಡವೇ, ಮೂರು ಲಕ್ಷ ಇದ್ದದ್ದು ಐದಾಗಿದೆ’ ಎಂದು ಮುಖ ನೋಡಿದರು. ಕಳೆದ ಮಾರ್ಚ್ 31ರ ಲೆಕ್ಕಕ್ಕೆ ನನ್ನದು ಮೂರು ವರ್ಷ ಎರಡು ತಿಂಗಳು. ಚಿನ್ನವನ್ನು ಈಗಿನ ಬೆಲೆಗೆ ಹಿಡಿದರೆ ನಾಲ್ಕು ದಾಟುತ್ತದೆ, ಹಿಡಿಯುವುದಿಲ್ಲ. ಹಳೆಯ ಬೆಲೆಯಲ್ಲೇ ಇಟ್ಟಿದ್ದೇನೆ. ಕಂಡಕ್ಟರ್ ಈಗ ಏಳರ ಮೇಲಿದ್ದಾರೆ. ಮೂರನೆಯ ಎಮ್ಮೆ ಕೊಂಡರಂತೆ.

ಹೋದ ದೀಪಾವಳಿಗೆ ಭಾವ ಬಂದವರು ಊಟವಾದ ಮೇಲೆ ‘ಎಲ್ಲಿ, ಆ ನಿನ್ನ ಹಾಳೆ ಕೊಡು’ ಎಂದರು. ಕೊಟ್ಟೆ. ಕನ್ನಡಕ ಏರಿಸಿ ಠೇವಣಿ, ವಿಮೆ, ಚಿನ್ನದ ಸಾಲುಗಳನ್ನು ದುಂಡಗಿನ ಅಕ್ಷರದಲ್ಲಿ ತುಂಬಿದರು. ಕೈಸಾಲದ ಸಾಲಿಗೆ ಬಂದಾಗ ಒಳಗೆ ಅಕ್ಕನ ಬಳೆಯ ಸದ್ದು ಕೇಳಿಸಿತು. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಊರಿಗೆ ಹೋಗಿ ಬರೆಯುತ್ತೇನೆ ಎಂದರು.