ಕಾರ್ಬನ್ ಎಷ್ಟು ಒಡೆಯಿತು: ಸಿಆರ್-39 ಹಾಳೆಯಲ್ಲಿ ಎಣಿಸುವ ನಮ್ಮ ಕ್ರಮ

ಕಲಬುರಗಿಯಲ್ಲಿ ಕಾರ್ಬನ್ ಕಿರಣ ಕೊಡುವ ಯಂತ್ರವಿಲ್ಲ. ಸಿಆರ್-39 ಎಂಬ, ಕಣ ಹಾದ ಗುರುತು ಹಿಡಿದಿಡುವ ಪ್ಲಾಸ್ಟಿಕ್ ಹಾಳೆಗಳ ಮೇಲೆ ಕಿರಣ ಬೀಳುವುದು ಜಪಾನಿನ ಚಿಬಾದಲ್ಲಿರುವ ಕಣ ವೇಗವರ್ಧಕ ಹಿಮ್ಯಾಕ್‌ನಲ್ಲಿ. 1994ರಿಂದ ಕ್ಯಾನ್ಸರ್ ಗಡ್ಡೆಗೆ ಕಾರ್ಬನ್ ಕಿರಣದ ಚಿಕಿತ್ಸೆ ಕೊಡುತ್ತಿರುವ ಜಾಗ ಅದು. ಎಚಿಂಗ್ (ಕಣದ ಗುರುತು ಗುಳಿಯಾಗಿ ಕಾಣುವಂತೆ ಹಾಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ಸವೆಸುವುದು), ತೊಳೆಯುವುದು, ಎಣಿಸುವುದು ಮಾತ್ರ ಇಲ್ಲಿ.

ಎಣಿಸಬೇಕು ಯಾಕೆಂದರೆ, ದಾರಿಯಲ್ಲಿ ಬಡಿದು ಒಡೆದ ಕಾರ್ಬನ್ ನ್ಯೂಕ್ಲಿಯಸ್ಸಿನ ಚೂರುಗಳು ಹೆಚ್ಚುಕಡಿಮೆ ಕಾರ್ಬನ್ನಿನ ವೇಗದಲ್ಲೇ ಮುಂದೆ ಓಡುತ್ತವೆ. ವೇಗ ಒಂದೇ ಆದಾಗ ಕಣ ಸಾಗುವ ದೂರ, ದ್ರವ್ಯರಾಶಿ ಸಂಖ್ಯೆಯನ್ನು ಚಾರ್ಜಿನ ವರ್ಗದಿಂದ ಭಾಗಿಸಿದಂತೆ. ಕಾರ್ಬನ್‌ಗೆ 12/36, ಹೀಲಿಯಂಗೆ 4/4. ಅಂದರೆ ಮೂರು ಪಟ್ಟು; ಗಡ್ಡೆ ದಾಟಿಯೂ ಡೋಸ್ ಬೀಳುತ್ತದೆ.

ಹಾಳೆ 5 ಸೆಂ.ಮೀ. ಚೌಕ. ನಂಬರನ್ನು ಮೂಲೆಯಲ್ಲಿ ಸೂಜಿಯಿಂದ ಕೊರೆಯಬೇಕು, ಇಂಕು ಕಾಸ್ಟಿಕ್ಕಿನಲ್ಲಿ ಉಳಿಯುವುದಿಲ್ಲ. ಕಾರ್ಬನ್ ಒಡೆಯಲೆಂದು ಇಟ್ಟ ಗ್ರಾಫೈಟ್ ಬಿಲ್ಲೆಯ ಹಿಂದೊಂದು ಮುಂದೊಂದು ಹಾಳೆ. ಚದರ ಸೆಂ.ಮೀ.ಗೆ ಒಂದೆರಡು ಸಾವಿರ ಕಣ ಸಾಕು. ಹೆಚ್ಚಾದರೆ ಗುಳಿಗಳು ಒಂದರ ಮೇಲೊಂದು ಕೂರುತ್ತವೆ.

ಕೆಲಸ ಕೆಡುವುದೂ ಕೂಡುವುದೂ ಎಚಿಂಗಿನಲ್ಲೇ. 250 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ಟೀಲ್ ಪಾತ್ರೆಯ ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ (ಸೋಡಾಕ್ಕೆ ನೀರು ಸುರಿದರೆ ಸಿಡಿಯುತ್ತದೆ), ತಣಿದ ಮೇಲೆ ಒಂದು ಲೀಟರಿಗೆ ತಂದರೆ ದ್ರಾವಣದ ಬಲ 6.25 ನಾರ್ಮಲ್. ಡಬ್ಬಿ ತೆರೆದಿಟ್ಟ ಸೋಡಾ ತೇವ ಎಳೆದುಕೊಂಡಿರುತ್ತದೆ, ತೂಕ ಸುಳ್ಳು ಹೇಳುತ್ತದೆ. ಆದ್ದರಿಂದ ಟೈಟ್ರೇಷನ್ (ಆಮ್ಲ ಹಾಕಿ ದ್ರಾವಣದ ಬಲ ಅಳೆಯುವುದು) ತಪ್ಪಿಸಬಾರದು. ತಾಪ 70 ಡಿಗ್ರಿ. ಒಂದು ಡಿಗ್ರಿ ಏರಿದರೆ ಹಾಳೆ ಸವೆಯುವ ವೇಗ ಶೇ. 8ರಷ್ಟು ಏರುತ್ತದೆ. ಮುಚ್ಚಳ ಸಡಿಲಿದ್ದರೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ, ನಮ್ಮ ಮೇ ತಿಂಗಳ ಒಣಹವೆಯಲ್ಲಂತೂ ಬೇಗ. ಕರೆಂಟ್ ಹೋದಾಗ ಗಡಿಯಾರ ನಂಬುವಂತಿಲ್ಲ, ತಕ್ಕಡಿ ನಂಬಬೇಕು: ಎರಡೂ ಮುಖ ಸೇರಿ 50 ಚದರ ಸೆಂ.ಮೀ., ಹಾಳೆಯ ಸಾಂದ್ರತೆ 1.31, ಹಾಗಾಗಿ ತೂಕ 65.5 ಮಿ.ಗ್ರಾಂ ಇಳಿದಿದ್ದರೆ ಪ್ರತಿ ಮುಖ 10 ಮೈಕ್ರಾನ್ ಸವೆದಿದೆ. ಸುಮಾರು ಏಳೆಂಟು ತಾಸಿನ ಕೆಲಸ.

ತೊಳೆಯಲು ಡಿಸ್ಟಿಲ್ಡ್ ನೀರೇ ಬೇಕು. ಶಹಾಬಾದ್ ಕಲ್ಲಿನ ಸೀಮೆಯ ಬೋರ್‌ವೆಲ್ ನೀರು ಕಾಸ್ಟಿಕ್ಕಿಗೆ ತಾಗಿದರೆ ಸುಣ್ಣ ಕೂರುತ್ತದೆ. ಆ ಚುಕ್ಕೆಗಳನ್ನು ಇಮೇಜ್ ಸಾಫ್ಟ್‌ವೇರ್ ಗುಳಿ ಎಂದೇ ಎಣಿಸುತ್ತದೆ. ಕೋಣೆಯ ರೇಡಾನ್ ಬಿಟ್ಟ ಆಲ್ಫಾ ಗುರುತು ಬೇರೆ ಥರದ್ದು: ಓರೆಯಾಗಿರುತ್ತದೆ, ಹಾಳೆಯ ಇನ್ನೊಂದು ಮುಖದಲ್ಲಿ ಅದಕ್ಕೆ ಜೋಡಿ ಸಿಗುವುದಿಲ್ಲ. ಆದರೂ ಅದೇ ಬ್ಯಾಚಿನ, ಕಿರಣ ಕಾಣದ ಹಾಳೆಯೊಂದನ್ನು ಜೊತೆಗೇ ಹಾಕುತ್ತೇವೆ.

ಗುಳಿಗಳ ವಿಸ್ತೀರ್ಣದ ಹಿಸ್ಟೋಗ್ರಾಂ ಬರೆದರೆ ಕಾರ್ಬನ್ ಶಿಖರ ಎತ್ತರ, ಎಡಕ್ಕೆ ಒಂದು ಚಾರ್ಜ್ ಕಡಿಮೆಯಿರುವ ಚೂರು, ಬೋರಾನ್, ತಗ್ಗಾಗಿ ನಿಲ್ಲುತ್ತದೆ. ಎರಡು ಬೆರೆತಿದ್ದರೆ ಎರಡೂ ಮುಖದ ಸರಾಸರಿ ತೆಗೆದರೆ ಬಿಡಿಸಿಕೊಳ್ಳುತ್ತವೆ. ಒಳಗೆ ಹೋದ ಕಾರ್ಬನ್ನನ್ನು ಹೊರಬಂದದ್ದರಿಂದ ಭಾಗಿಸಿ, ಸಹಜ ಲಾಗರಿದಮ್ ತೆಗೆದು, ಬಿಲ್ಲೆಯ ಪ್ರತಿ ಚದರ ಸೆಂ.ಮೀ.ಯಲ್ಲಿರುವ ನ್ಯೂಕ್ಲಿಯಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಅಡ್ಡಕೊಯ್ತ, ಅಂದರೆ ಕಾರ್ಬನ್ ಒಡೆಯುವ ಸಾಧ್ಯತೆಯ ಅಳತೆ, ಸಿಗುತ್ತದೆ. ಕಾರ್ಬನ್ ಹಾಳೆಯೊಳಗೂ ಒಡೆಯುತ್ತದಲ್ಲ, ಬಿಲ್ಲೆಯಿಲ್ಲದ ಲೆಕ್ಕವನ್ನು ಮೊದಲು ಕಳೆಯಬೇಕು. 1 ಸೆಂ.ಮೀ. ಗ್ರಾಫೈಟಿನಲ್ಲಿ ಚಾರ್ಜ್ ಕಳೆದುಕೊಳ್ಳುವುದು ನೂರಕ್ಕೆ ಆರೋ ಏಳೋ. ಹತ್ತು ಸಾವಿರ ಎಣಿಸಿದರೂ ಒಡೆದವು ಆರೇಳುನೂರೇ, ಹಾಗಾಗಿ ಶೇ. 4ರ ಅನಿಶ್ಚಿತತೆ ಉಳಿಯುತ್ತದೆ.

ವೇಗದ ಹೀಲಿಯಂ, ಪ್ರೋಟಾನ್ ಈ ಹಾಳೆಯಲ್ಲಿ ಗುಳಿ ಬಿಡುವುದಿಲ್ಲ. ಗಡ್ಡೆಯಾಚೆ ಬೀಳುವ ಡೋಸಿನ ಬಾಲಕ್ಕೆ ಸಿಂಟಿಲೇಟರ್ (ಕಣ ಬಿದ್ದರೆ ಮಿಂಚುವ ಪತ್ತೆಸಾಧನ) ಇಟ್ಟು ಹಾರಾಟದ ಸಮಯ ಅಳೆದವರ ಅಂಕಿಯನ್ನೇ ತೆಗೆದುಕೊಳ್ಳಬೇಕು.