ಆಂತರಿಕ ದಾಖಲೆಯ ತಿದ್ದುಪಡಿಗೆ ಒಪ್ಪಿಗೆ ನೀಡುವ ಮುನ್ನ

ಸಂಸ್ಥೆಯ ಆಂತರಿಕ ದಾಖಲೆಗೆ ತಿದ್ದುಪಡಿ ಬಂದಾಗ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ತೆರೆದು, ಬದಲಾದ ಸಾಲುಗಳ ಜೊತೆಗೆ ಅವುಗಳ ಹಿಂದುಮುಂದಿನ ಭಾಗವನ್ನೂ ಓದಬೇಕು. ‘ರಜೆಯ ಅರ್ಜಿಯನ್ನು 7 ದಿನ ಮುಂಚಿತವಾಗಿ ಸಲ್ಲಿಸಬೇಕು’ ಎಂಬುದು ‘ಸಲ್ಲಿಸಬಹುದು’ ಎಂದಾದರೆ ನಿಯಮವೇ ಬದಲಾಗುತ್ತದೆ. ಇಂಥದ್ದನ್ನು ಅದಕ್ಕೆ ಹೊಣೆಯಾದ ವಿಭಾಗದ ಒಪ್ಪಿಗೆಯಿಲ್ಲದೆ ಅಂಗೀಕರಿಸಲೇಬಾರದು. ಕಾಗುಣಿತದ ತಪ್ಪನ್ನಷ್ಟೇ ತಿದ್ದಿದ್ದರೆ ತಡಮಾಡದೆ ಅನುಮೋದಿಸಬಹುದು. ಕೆಲಸದ ಹಂತಗಳನ್ನು ವಿವರಿಸುವ ಪುಟವಾದರೆ, ಅವನ್ನು ಸ್ವತಃ ಮಾಡಿ ನೋಡುವುದೇ ನನ್ನ ದೃಷ್ಟಿಯಲ್ಲಿ ನಿಜವಾದ ಪರಿಶೀಲನೆ. ತಿರಸ್ಕರಿಸುವಾಗ ಕಾರಣವನ್ನೂ, ಸಾಧ್ಯವಾದರೆ ಪರ್ಯಾಯ ವಾಕ್ಯವನ್ನೂ ಬರೆಯಬೇಕು. ಸಮಯ ಕೊಟ್ಟು ತಿದ್ದಿದವರಿಗೆ ಅಷ್ಟು ಗೌರವ ಸಲ್ಲಲೇಬೇಕು. ತಮ್ಮ ತಿದ್ದುಪಡಿಯನ್ನು ತಾವೇ ಅನುಮೋದಿಸುವ ಅವಕಾಶ ಯಾರಿಗೂ ಇರಬಾರದು. ಒಪ್ಪಿಗೆಯ ಬಳಿಕ ಬದಲಾವಣೆಯ ಕಾರಣ, ದಿನಾಂಕ ಮತ್ತು ಅನುಮೋದಿಸಿದವರ ಹೆಸರನ್ನು ದಾಖಲಿಸಿ, ಅದೇ ನಿಯಮವನ್ನು ಉಲ್ಲೇಖಿಸುವ ಇತರ ಪುಟಗಳನ್ನೂ ಸರಿಪಡಿಸಬೇಕು.